ಐದು ಸೆಕೆಂಡು ಯಾಕೆ ಎಂದು ಬರೆಯೋಣ



  

ಆ್ಯಪ್‌ಗಳನ್ನು ತಾನಾಗಿ ಪರೀಕ್ಷಿಸುವ ಒಂದು ಟೂಲ್‌ಗೆ ನಾನು ಕೈಪಿಡಿ ಬರೆದಿದ್ದೆ. ಬಟನ್ ಕಾಣಿಸಲೆಂದು ಆ ಟೂಲ್ ಹೆಚ್ಚೆಂದರೆ 5 ಸೆಕೆಂಡು ಕಾಯುತ್ತದೆ. ಕೈಪಿಡಿಯಲ್ಲಿ ಇದನ್ನು ಹೇಳಿದ ಮೇಲೆ, ಕೆಳಗೆ ‘ಅಗತ್ಯವಿದ್ದರೆ ಈ ಅವಧಿಯನ್ನು ಹೆಚ್ಚಿಸಿಕೊಳ್ಳಿ’ ಎಂದು ಒಂದು ಸಾಲು ಸೇರಿಸಿದೆ. ಕೈಪಿಡಿ ಬರೆಯುವ ನಾವೆಲ್ಲ ವರ್ಷಗಟ್ಟಲೆ ಬರೆದುಕೊಂಡು ಬಂದ ಸಾಲು ಅದು. ಮನುಷ್ಯರು ಓದುವವರೆಗೆ ಅದರಿಂದ ತೊಂದರೆಯಾಗಲಿಲ್ಲ. ಈ ಸಲ ಓದಿದ್ದು ಎಐ ಏಜೆಂಟ್. ಹಣ ಪಾವತಿಯ ಪುಟದ ಟೆಸ್ಟ್ ಕೆಂಪಾದಾಗ, ಅಂದರೆ ಫೇಲಾದಾಗ, ಅದು 5ನ್ನು 15 ಮಾಡಿತು. ಮತ್ತೆ ಕೆಂಪು, 60 ಮಾಡಿತು. ಮತ್ತೆ ಕೆಂಪು, 120 ಮಾಡಿತು. ಆಗ ಹಸಿರಾಯಿತು. ‘ಎಲ್ಲ ಟೆಸ್ಟ್‌ಗಳೂ ಪಾಸ್’ ಎಂದು ವರದಿ ಬಂತು. ದುಡ್ಡು ಕಟ್ಟಿದ ಗ್ರಾಹಕ ಒಂದು ನಿಮಿಷಕ್ಕೂ ಹೆಚ್ಚು ಖಾಲಿ ಪರದೆ ನೋಡುತ್ತ ಕೂರಬೇಕಾದ ಆ್ಯಪ್ ಪಾಸಾಗಿತ್ತು! ಏಜೆಂಟ್ ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿತ್ತು. ಐದು ಸೆಕೆಂಡು ಯಾಕೆ ಎಂಬುದನ್ನೇ ನಾನು ಬರೆದಿರಲಿಲ್ಲ.

2004ರಲ್ಲಿ ಸೆಲೆನಿಯಂ ಎಂಬ ಟೆಸ್ಟಿಂಗ್ ಟೂಲ್ ಶುರುವಾದಾಗಲೂ 2020ರಲ್ಲಿ ಮೈಕ್ರೋಸಾಫ್ಟ್ ಪ್ಲೇರೈಟ್ ಎಂಬ ಇನ್ನೊಂದನ್ನು ಹೊರತಂದಾಗಲೂ ಕೈಪಿಡಿಯ ಓದುಗರು ನಮ್ಮಂಥವರೇ. ಅರ್ಥವಾಗದಿದ್ದರೆ ಪಕ್ಕದ ಮೇಜಿನವರನ್ನು ಕೇಳುತ್ತಿದ್ದರು. ನಾವು ಬಿಟ್ಟದ್ದನ್ನು ಅನುಭವ ತುಂಬಿಕೊಡುತ್ತಿತ್ತು. 2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್ ಕಂಪನಿ ಎಂಸಿಪಿ ಎಂಬ ಸಂವಹನ ನಿಯಮಾವಳಿಯನ್ನು ಪ್ರಕಟಿಸಿದ ಮೇಲೆ ಏಜೆಂಟ್‌ಗಳು ಟೂಲ್‌ಗಳನ್ನು ನೇರವಾಗಿ ಬಳಸುವುದು ಸುಲಭವಾಯಿತು. ಅದರಲ್ಲಿ ಪ್ರತಿ ಟೂಲ್‌ಗೂ ಒಂದು ಹೆಸರು, ಒಂದು ವಿವರಣೆ, ಅದಕ್ಕೆ ಏನೇನು ಕೊಡಬೇಕೆಂಬ ಪಟ್ಟಿ ಇರುತ್ತವೆ. ಯಾವ ಟೂಲನ್ನು ಯಾವಾಗ ಎತ್ತಿಕೊಳ್ಳಬೇಕೆಂದು ಏಜೆಂಟ್ ತೀರ್ಮಾನಿಸುವುದು ಆ ವಿವರಣೆ ಓದಿ. ನಮ್ಮ ಇನ್ನೂರು ಪುಟದ ಕೈಪಿಡಿ ಕಪಾಟಿನಲ್ಲಿದ್ದರೂ ಕೆಲಸ ನಡೆಯುವುದು ಆ ಎರಡು ಮೂರು ಸಾಲಿನ ಮೇಲೆ. ‘ಆ್ಯಪನ್ನು ಮೊದಲ ಸ್ಥಿತಿಗೆ ತರುತ್ತದೆ’ ಎಂದಷ್ಟೇ ಬರೆದರೆ ಸಾಲದು. ಲಾಗಿನ್ ಸಮೇತ ಉಳಿಸಿದ ಮಾಹಿತಿಯೆಲ್ಲ ಅಳಿಸಿಹೋಗುತ್ತದೆ ಎಂದೂ ಅಲ್ಲೇ ಹೇಳಬೇಕು.

ಇನ್ನೊಂದು ಸಂಗತಿ ನನಗೆ ಬಹಳ ಮುಖ್ಯವೆನಿಸುತ್ತದೆ. ಪ್ಲೇರೈಟ್‌ನ ಎಂಸಿಪಿ ಟೂಲ್ ಪುಟವನ್ನು ಏಜೆಂಟ್‌ಗೆ ತೋರಿಸುವುದು ಮುಖ್ಯವಾಗಿ ಫೋಟೋದಿಂದಲ್ಲ, ಅಕ್ಸೆಸಿಬಿಲಿಟಿ ಟ್ರೀಯಿಂದ. ಇದು ಬಟನ್, ಇದರ ಹೆಸರು ಇಂಥದ್ದು ಎನ್ನುವ ಪಟ್ಟಿ ಅದು. ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಓದುವುದೂ ಇದನ್ನೇ. ಬರೀ ಭೂತಗನ್ನಡಿಯ ಚಿತ್ರ ಹಾಕಿ ಹೆಸರು ಕೊಡದೆ ಬಿಟ್ಟ ಹುಡುಕಾಟದ ಬಟನ್ ಇಬ್ಬರಿಗೂ ಗೋಡೆ. ಹಾಗಾಗಿ ಟೂಲ್ ಬಗ್ಗೆ ಬರೆಯುವವರು ಆ್ಯಪ್ ಕಟ್ಟುವವರಿಗೂ ಒಂದು ಪುಟ ಮೀಸಲಿಡಬೇಕು: ಬಟನ್‌ಗೆ ಹೆಸರು ಕೊಡಿ, ಅದನ್ನು ಕನ್ನಡದಲ್ಲೂ ಕೊಡಿ.

ಕನ್ನಡದ ಮಾತು ಬಂತು. ‘ಹೊಸ ಖಾತೆ’ ಎಂಬ ಬಟನ್ ಪರದೆಯ ಮೇಲೆ ಢಾಳಾಗಿ ಕಾಣುತ್ತಿದ್ದರೂ ಟೂಲ್‌ಗೆ ಅದು ಸಿಗದೇ ಹೋಗಬಹುದು. ಯೂನಿಕೋಡ್‌ನಲ್ಲಿ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎಕಾರ ಮತ್ತು ಊಕಾರದ ಎರಡು ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ‘ಹೊ’. ಅಕ್ಷರಗಳನ್ನು ಸಂಕೇತವಾಗಿ ತಾಳೆ ನೋಡುವ ಪ್ರೋಗ್ರಾಮ್‌ಗೆ ಅವು ಬೇರೆ ಬೇರೆ. ಹೋಲಿಸುವ ಮೊದಲು ಟೂಲ್ ಎರಡನ್ನೂ ಒಂದೇ ರೂಪಕ್ಕೆ ತರುತ್ತದೆಯೇ, ಇಲ್ಲವೇ? ಇದಕ್ಕೆ ಉತ್ತರಿಸುವ ಒಂದು ವಾಕ್ಯ ಕೈಪಿಡಿಯಲ್ಲಿ ಇಲ್ಲದಿದ್ದರೆ, ಇರುವ ಬಟನ್‌ ಅನ್ನೇ ‘ಇಲ್ಲ’ ಎಂದು ಏಜೆಂಟ್ ವರದಿ ಬರೆಯಬಹುದು. ಕೆಲಸಗಾರರು ಇಲ್ಲದ ದೋಷ ಹುಡುಕುತ್ತ ದಿನ ಕಳೆಯುತ್ತಾರೆ. ಕನ್ನಡ ಆ್ಯಪ್‌ಗಳ ಜೊತೆ ಏಗುವ ನಾವಲ್ಲದೆ ಈ ವಾಕ್ಯವನ್ನು ಬೇರೆ ಯಾರು ಬರೆಯಬೇಕು?

ಇನ್ನು ಟೂಲ್ ಕೊಡುವ ದೋಷ ಸಂದೇಶಗಳು. ಪುಟ ಬದಲಾದ ಮೇಲೆ, ಅಕ್ಸೆಸಿಬಿಲಿಟಿ ಟ್ರೀಯ ಹಳೆಯ ಪಟ್ಟಿಯಲ್ಲಿ ಬಟನ್‌ಗೆ ಇದ್ದ ಗುರುತು ಕೆಲಸಕ್ಕೆ ಬರುವುದಿಲ್ಲ. ಆಗ ‘ದೋಷ’ ಎಂದಷ್ಟೇ ಹೇಳಿದರೆ ಏಜೆಂಟ್ ಅದೇ ಬಟನ್‌ ಅನ್ನು ಹತ್ತು ಸಲ ಒತ್ತಬಹುದು. ‘ಪುಟ ಬದಲಾಗಿದೆ, ಹೊಸ ಪಟ್ಟಿ ತೆಗೆದುಕೊಳ್ಳಿ’ ಎಂದರೆ ಒಂದೇ ಸಲಕ್ಕೆ ಮುಗಿಯುತ್ತದೆ.

ನನ್ನ ಕೈಪಿಡಿಯ ಆ ಐದು ಸೆಕೆಂಡಿನ ಪುಟ ಈಗ ಹೀಗಿದೆ: ‘ಗ್ರಾಹಕರು ಇದಕ್ಕಿಂತ ಹೆಚ್ಚು ಕಾಯಬಾರದು ಎಂದು 5 ಸೆಕೆಂಡಿನ ಮಿತಿ ಇಟ್ಟಿದೆ. ಟೆಸ್ಟ್ ಕೆಂಪಾದರೆ ಮಿತಿ ಹೆಚ್ಚಿಸಬೇಡಿ, ಪರೀಕ್ಷೆಯ ಸಾಲು ಅಳಿಸಬೇಡಿ. ಎಷ್ಟು ಹೊತ್ತಾಯಿತೆಂದು ವರದಿಯಲ್ಲಿ ಬರೆದು ಅಲ್ಲಿಗೇ ನಿಲ್ಲಿಸಿ.’

ಈ ಸಮ್ಮೇಳನದ ಮಧ್ಯಾಹ್ನದ ಗೋಷ್ಠಿಗೆ ನೀವೂ ನಿಮ್ಮ ಕೈಪಿಡಿಯ ಒಂದೊಂದು ಪುಟ ತನ್ನಿ. ಪಕ್ಕದಲ್ಲಿ ಕೂತ ಅಪರಿಚಿತರಿಗೆ ಕೊಡಿ, ನೀವು ಬಾಯಿ ತೆರೆಯಬೇಡಿ. ಅವರು ಕೇಳುವ ಪ್ರತಿ ಪ್ರಶ್ನೆಯನ್ನೂ ಅಂಚಿನಲ್ಲಿ ಬರೆದುಕೊಳ್ಳಿ. ಸಂಜೆ ಆ ಅಂಚುಗಳನ್ನು ಒಟ್ಟಿಗೆ ಕೂತು ಓದೋಣ.