ಹಳೇ ಕಾರು: ಕೊಳ್ಳುವ ಬೆಲೆ ಬೇರೆ, ಸಾಕುವ ಬೆಲೆ ಬೇರೆ
(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ಸಹಕಾರ ಸಂಘದ ಬೆಳ್ಳಿಹಬ್ಬದಲ್ಲಿ ಕಾರು ರಿಪೇರಿ ಮಾತು ಯಾಕಪ್ಪಾ ಅಂತ ಕೆಲವರಿಗೆ ಅನ್ನಿಸಬಹುದು. ಕಾರಣ ಇದೆ. ಅಡಿಕೆ ಮಾರಿದ ದುಡ್ಡು ಕೈಗೆ ಬಂದಾಗ ನಮ್ಮಲ್ಲಿ ಅನೇಕರಿಗೆ ಮೊದಲು ಕಾಣುವುದು ಶಿವಮೊಗ್ಗದಲ್ಲೋ ಭದ್ರಾವತಿಯಲ್ಲೋ ಮಾರಾಟಕ್ಕಿರುವ ಹಳೇ ಮಾರುತಿ 800. ಆಸೆ ತಪ್ಪಲ್ಲ. ರಾತ್ರಿ ಹೊತ್ತು ಹೆರಿಗೆ ನೋವು ಬಂದರೆ, ವಯಸ್ಸಾದವರಿಗೆ ಎದೆನೋವು ಬಂದರೆ ಮನೆಬಾಗಿಲಲ್ಲಿ ಒಂದು ಗಾಡಿ ಇರಬೇಕು. ಆದರೆ ಆ ಹೊತ್ತಿಗೆ ಅದು ಸ್ಟಾರ್ಟ್ ಆಗಬೇಕು, ಬ್ರೇಕ್ ಹಿಡಿಯಬೇಕು. ಇಲ್ಲದಿದ್ದರೆ ಗಾಡಿ ಇದ್ದೂ ಇಲ್ಲದ ಹಾಗೆ.

ಮಾರುತಿ 800 ಮೊದಲು ರಸ್ತೆಗೆ ಬಂದದ್ದು 1983ರ ಡಿಸೆಂಬರ್‌ನಲ್ಲಿ. ಮೂರು ಸಿಲಿಂಡರ್, 796 ಸಿಸಿ ಎಂಜಿನ್, ಸಣ್ಣ ದೇಹ, ಕಡಿಮೆ ಪೆಟ್ರೋಲು. ಮಧ್ಯಮ ವರ್ಗದವರಿಗೆ ಕಾರು ಅಂದರೆ ಅದೇ ಅನ್ನುವಷ್ಟು ಬಳಕೆಗೆ ಬಂತು. 2014ರ ಜನವರಿಯಲ್ಲಿ ತಯಾರಿಕೆ ನಿಂತಿತು. ಎಂದಮೇಲೆ ಇವತ್ತು ನಮಗೆ ಸಿಗುವ ಅತಿ ಹೊಸ 800 ಕೂಡ ಹತ್ತು ವರ್ಷ ದಾಟಿದ್ದೇ. ಮುದಿ ಎತ್ತನ್ನು ಕೊಳ್ಳುವಾಗ ಹಲ್ಲು, ಗೊರಸು ನೋಡುವ ನಾವು ಮುದಿ ಕಾರಿಗೆ ಬರೀ ಬಣ್ಣ ನೋಡಿ ದುಡ್ಡು ಎಣಿಸಬಾರದು.

ಮೊದಲು ನೋಡಬೇಕಾದ್ದು ತುಕ್ಕು. ನಮ್ಮದು ಮಲೆನಾಡಿನ ಅಂಚು. ಮಳೆಗಾಲದಲ್ಲಿ ಕೆಸರು ತಳಕ್ಕೆ ಅಂಟಿ ಒಣಗದೆ ಉಳಿಯುತ್ತದೆ. ಬಾಗಿಲಿನ ಕೆಳಗೆ ನೀರು ಹೋಗುವ ತೂತು ಕಟ್ಟಿಕೊಂಡರೆ ಒಳಗಿಂದಲೇ ತಗಡು ತಿನ್ನುತ್ತಾ ಹೋಗುತ್ತದೆ. ಕಾಲಡಿಯ ಮ್ಯಾಟ್ ಎತ್ತಿ ನೋಡಿ, ಜಾಕ್ ಕೊಡುವ ಜಾಗ ಒತ್ತಿ ನೋಡಿ. ಎಂಜಿನ್ ಕೆಟ್ಟರೆ ಬಿಚ್ಚಿ ಕಟ್ಟಬಹುದು. ತಳವೇ ಕೊಳೆತಿದ್ದರೆ ಆ ಕಾರಿನ ಸಹವಾಸ ಬೇಡ.

ಎರಡನೆಯದು ಬಿಸಿಯೇರುವುದು. ರೇಡಿಯೇಟರಿಗೆ ಕೂಲಂಟ್ ಬದಲು ಬೋರ್‌ವೆಲ್ ನೀರು ಹಾಕಿದರೆ ಒಳಗೆ ಹಂಡೆಯಲ್ಲಿ ಕಟ್ಟಿದ ಹಾಗೆ ಉಪ್ಪು ಕಟ್ಟುತ್ತದೆ. ಫ್ಯಾನ್ ತಿರುಗಿಸುವ ಸ್ವಿಚ್ ಕೆಟ್ಟರೂ ಅಷ್ಟೇ. ಮುಳ್ಳು ಮೇಲೇರಿದ್ದನ್ನು ಕಂಡೂ "ಇನ್ನೇನು ಊರು ಬಂತು" ಅಂತ ಓಡಿಸಿದರೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ನೂರಾರು ರೂಪಾಯಿಯ ಕೆಲಸ ಸಾವಿರಗಟ್ಟಲೆಗೆ ನಿಲ್ಲುತ್ತದೆ. ಬಿಸಿ ಇರುವಾಗ ಮುಚ್ಚಳ ತೆಗೆಯಲೇಬಾರದು, ಕುದಿನೀರು ಮುಖಕ್ಕೆ ಹಾರುತ್ತದೆ.

ಮೂರನೆಯದು ರಬ್ಬರು. ಟೈಮಿಂಗ್ ಬೆಲ್ಟ್ ರಬ್ಬರಿನದು, ಹರಿದರೆ ಎಂಜಿನ್ ನಿಂತಲ್ಲೇ ನಿಲ್ಲುತ್ತದೆ. ಮುಂದಿನ ಚಕ್ರದ ಆಕ್ಸಲ್ ಮೇಲಿನ ರಬ್ಬರ್ ಬೂಟು ಹರಿದರೆ ಗ್ರೀಸ್ ಹೋಗಿ ಮಣ್ಣು ಸೇರುತ್ತದೆ. ತಿರುವಿನಲ್ಲಿ 'ಟಕ್ ಟಕ್' ಸದ್ದು ಕೇಳಿದರೆ ಅದರ ಕೆಲಸ ಮುಗಿಯಿತು ಅಂತ. ಬಂಕುಗಳಲ್ಲಿ ಈಗ ಬರುತ್ತಿರುವುದು 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲು. ಹಳೇ ಗಾಡಿಯ ಪೆಟ್ರೋಲ್ ಪೈಪು, ಸೀಲುಗಳನ್ನು ಅದಕ್ಕೆಂದು ಮಾಡಿದ್ದಲ್ಲ. ಬಿರುಕು, ವಾಸನೆ ಕಂಡರೆ ಕೂಡಲೇ ಬದಲಿಸಿ, ಇದು ಬೆಂಕಿಯ ವಿಚಾರ. ಟೈರಿನಲ್ಲಿ ಗೆರೆ ಇದ್ದ ಮಾತ್ರಕ್ಕೆ ಸಾಲದು. ಅದರ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಇನ್ನು ಅಡಿಕೆ ಚೀಲದ ಪಕ್ಕ ಕಾರು ನಿಲ್ಲಿಸುವವರು ಇಲಿ ವೈರು ಕಡಿದಿದೆಯೇ ಅಂತ ಆಗಾಗ ಬಾನೆಟ್ ಎತ್ತಿ ನೋಡಿ.

ಬ್ರೇಕ್ ಬಗ್ಗೆ ಒಂದೇ ಮಾತು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಪೆಡಲ್ ಮೆತ್ತಗಾಗಿದ್ದರೆ ಮನೆಯವರನ್ನು ಕೂರಿಸಿಕೊಂಡು ಹೊರಡಬೇಡಿ.

ಈಗ ಲೆಕ್ಕಕ್ಕೆ ಬರೋಣ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೋಗಿ ಬರಲು ಸುಮಾರು 40 ಕಿ.ಮೀ. ಅಂತ ಇಟ್ಟುಕೊಳ್ಳೋಣ. ತಿಂಗಳಿಗೆ ಹತ್ತು ಸಲ ಅಂದರೆ ವರ್ಷಕ್ಕೆ 4,800 ಕಿ.ಮೀ. ಹಳೇ ಎಂಜಿನ್ ಲೀಟರಿಗೆ 15 ಕೊಟ್ಟರೆ 320 ಲೀಟರ್. ಲೆಕ್ಕದ ಅನುಕೂಲಕ್ಕೆ ಲೀಟರಿಗೆ 100 ರೂ. ಹಿಡಿದರೂ 32,000 ರೂ. ಒಂದು ಸಾವಿರ ಸಿಸಿಯೊಳಗಿನ ಕಾರಿಗೆ ಥರ್ಡ್ ಪಾರ್ಟಿ ವಿಮೆ 2022ರ ಜೂನ್‌ನಲ್ಲಿ ಗೊತ್ತುಮಾಡಿದ ದರದಂತೆ 2,094 ರೂ., ತೆರಿಗೆ ಸೇರಿ ಸುಮಾರು 2,500. ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂ. ಆಯಿತು. ನವೀಕರಣ ಐದು ವರ್ಷಕ್ಕೆ; ವರ್ಷಕ್ಕೆ 1,000 ಬಿತ್ತು. ಇಪ್ಪತ್ತು ವರ್ಷ ದಾಟಿದ್ದಕ್ಕೆ 2025ರ ಆಗಸ್ಟ್‌ನಲ್ಲಿ 10,000 ಮಾಡಿದ್ದಾರೆ. ರಿಪೇರಿ, ಟೈರು, ಬ್ಯಾಟರಿಗೆ ಕಿ.ಮೀ.ಗೆ 3 ರೂ. ತೆಗೆದಿಡಿ ಅಂತ ನಾವು ಹೇಳುತ್ತೇವೆ, ಅದು 14,400. ಎಲ್ಲಾ ಕೂಡಿದರೆ ಹತ್ತಿರ ಹತ್ತಿರ 50,000 ರೂ. ನಲವತ್ತು ಸಾವಿರಕ್ಕೆ ಕೊಂಡ ಕಾರು ಒಂದೇ ವರ್ಷದಲ್ಲಿ ತನ್ನ ಬೆಲೆಗಿಂತ ಹೆಚ್ಚು ತಿಂದಿತು!

ಈ ದುಡ್ಡು ಎಲ್ಲಿಂದ ಬರಬೇಕು? ಇಲ್ಲೇ ಸಂಘದ ಮಾತು ಬರುವುದು. ಬೆಳೆಸಾಲಕ್ಕೆ ಬಡ್ಡಿಯಿಲ್ಲ, 2023ರಲ್ಲಿ ಅದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಆದರೆ ಆ ಸೌಲಭ್ಯ ವಾಯಿದೆಯೊಳಗೆ ಕಟ್ಟಿದವರಿಗೆ ಮಾತ್ರ. ಗೊಬ್ಬರದ ದುಡ್ಡು ಗ್ಯಾರೇಜಿಗೆ ಹೋದರೆ ಅತ್ತ ತೋಟವೂ ಬಡವಾಗುತ್ತದೆ, ಇತ್ತ ಕಂತು ತಪ್ಪಿ ಬಡ್ಡಿ ಬೀಳುತ್ತದೆ. ಹಾಗಾದರೆ ಆ ಕಾರು ಎಷ್ಟಕ್ಕೆ ಬಿತ್ತು ಅಂತ ನೀವೇ ಯೋಚಿಸಿ.

ಕೊಳ್ಳುವವರಿಗೆ ಮೂರು ಕಿವಿಮಾತು. ಒಂದು, ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್‌ಗೆ ಕೂಲಿ ಕೊಟ್ಟು ಗಾಡಿ ಮೇಲೆತ್ತಿಸಿ ತಳ ನೋಡಿಸಿ. ಎರಡು, ಆರ್.ಸಿ. ನಿಮ್ಮ ಹೆಸರಿಗೆ ಆಗಲೇಬೇಕು. ರಾಜ್ಯದೊಳಗಿನ ವ್ಯವಹಾರವಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್.ಟಿ.ಓ.ಗೆ ತಿಳಿಸಬೇಕು ಅಂತ ಕಾನೂನೇ ಇದೆ. "ಆಮೇಲೆ ಮಾಡಿಸೋಣ ಬಿಡಿ" ಅಂದವರು ಅಪಘಾತವಾದಾಗ ಕೋರ್ಟು ಅಲೆಯುತ್ತಾರೆ. ಮೂರು, ಕಾರಿನಲ್ಲೇ ಒಂದು ನೋಟ್‌ಬುಕ್ ಇಡಿ. ಪೆಟ್ರೋಲು, ಆಯಿಲ್, ರಿಪೇರಿ ಎಲ್ಲಾ ತಾರೀಖು ಸಮೇತ ಬರೆಯಿರಿ. ಮನೆಮಕ್ಕಳ ಕೈಲಿ ಬರೆಸಿದರೆ ಇನ್ನೂ ಒಳ್ಳೆಯದು.

ನಮ್ಮ ಸಂಘ ಇಪ್ಪತ್ತೈದು ವರ್ಷ ನಿಂತಿರುವುದು ಪ್ರತಿ ವರ್ಷ ಲೆಕ್ಕ ಬರೆದು, ಆಡಿಟ್ ಮಾಡಿಸಿ, ಮಹಾಸಭೆಯಲ್ಲಿ ಓದಿದ್ದರಿಂದ. ಯುಗಾದಿಗೆ ಒಂದು ಸಲ ಮನೆಯವರೆಲ್ಲಾ ಕೂತು ಕಾರಿನ ಲೆಕ್ಕವನ್ನೂ ಓದಿ. ಮೂರು ವರ್ಷ ಸಾಲಾಗಿ ರಿಪೇರಿ ಖರ್ಚು ಏರುತ್ತಲೇ ಇದ್ದರೆ ಮಮಕಾರ ಬಿಟ್ಟು ಗುಜರಿಗೆ ಕೊಡಿ, ಬಸ್ಸು ಹತ್ತಿ. ಲೆಕ್ಕ ಸರಿಯಿದ್ದರೆ ಧೈರ್ಯವಾಗಿ ಓಡಿಸಿ, ಸುಖವಾಗಿ ಮನೆ ಸೇರಿ.