ಮಗುವಿನ ದಾರಿ, ಮನೆಯ ಆಸೆ

2018ರಲ್ಲಿ ಚೀನಾದಲ್ಲಿ ‘ಚೈನೀಸ್ ಪೇರೆಂಟ್ಸ್’ ಎಂಬ ವಿಡಿಯೋ ಗೇಮ್ ಬಂತು. ಆಡುವವರು ಅದರಲ್ಲಿ ಕೂಸಾಗಿ ಹುಟ್ಟುತ್ತಾರೆ. ಏನು ಕಲಿಯಬೇಕು, ಯಾವಾಗ ಆಡಬೇಕು ಎಂದು ಹೊತ್ತು ಹಂಚಿಕೊಳ್ಳುತ್ತ, ಅಪ್ಪ-ಅಮ್ಮನ ತೃಪ್ತಿಯನ್ನೂ ತಮ್ಮ ಒತ್ತಡವನ್ನೂ ತೂಗಿಸುತ್ತ, ಕಾಲೇಜು ಪ್ರವೇಶದ ದೊಡ್ಡ ಪರೀಕ್ಷೆಯವರೆಗೆ ಬೆಳೆಯುತ್ತಾರೆ. ಮುಂದೆ ಮದುವೆ, ಮಗು. ಆಟ ಮತ್ತೆ ಆ ಮಗುವಿನಿಂದ ಶುರು.

ಈ ಕಥೆ ನಮಗೆ ಹೊಸದಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಎಷ್ಟೋ ಮನೆಗಳಲ್ಲಿ ಹತ್ತು ವರ್ಷದ ಮಕ್ಕಳು ನವೋದಯ, ಮೊರಾರ್ಜಿ ವಸತಿ ಶಾಲೆಗಳ, ವಿಜಯಪುರದ ಸೈನಿಕ ಶಾಲೆಯ ಪ್ರವೇಶ ಪರೀಕ್ಷೆಗೆ ಓದುತ್ತಾರೆ. ಮಳೆ ನಂಬಿ ಬಿತ್ತುವ ತಂದೆಗೆ, ಮಕ್ಕಳ ಕೈಗಾದರೂ ತಿಂಗಳ ಪಗಾರ ಬರಲಿ ಎಂಬ ಆಸೆ ಸಹಜ. ಆ ಆಸೆಯಲ್ಲಿ ಪ್ರೀತಿಯಿದೆ. ಆದರೆ ಅಂಕ ಇಳಿದಾಗ ಪ್ರೀತಿಯೂ ಇಳಿಯಿತೆಂದು ಮಗುವಿಗೆ ಅನ್ನಿಸಬಾರದು.

ಮನೆಯವರು ಬಯಸಿದ್ದಕ್ಕಿಂತ ಬೇರೆ ದಾರಿ ಹಿಡಿದ ಮಗುವಿನ ಕಥೆಯೂ ನಮ್ಮ ನಾಡಿನಲ್ಲಿದೆ. 12ನೆಯ ಶತಮಾನದಲ್ಲಿ ಬಾಗೇವಾಡಿಯ ಮಾದರಸ-ಮಾದಲಾಂಬಿಕೆಯರ ಮಗ ಬಸವಣ್ಣನವರು ಬಾಲ್ಯದಲ್ಲೇ ಉಪನಯನ ಒಲ್ಲೆನೆಂದು ಮನೆ ಬಿಟ್ಟರು, ಕೃಷ್ಣಾ-ಮಲಪ್ರಭೆಯರು ಕೂಡುವ ಕೂಡಲಸಂಗಮಕ್ಕೆ ಹೋದರು ಎನ್ನುತ್ತದೆ ಪರಂಪರೆ. ಅಲ್ಲಿ ಅವರ ಪ್ರಶ್ನೆಗಳಿಗೆ ಕಿವಿಗೊಡುವ ಗುರು ಸಿಕ್ಕರು. ಮನೆಯವರ ನಿರೀಕ್ಷೆ ಮೀರಿದ ಆ ಹುಡುಗನಿಂದ ನಾಡಿಗೆ ಅನುಭವ ಮಂಟಪ ದಕ್ಕಿತು.

ತನ್ನ ದಾರಿ ಹುಡುಕಲು ಪ್ರತಿ ಮಗುವೂ ಮನೆ ಬಿಡಬೇಕಿಲ್ಲ. ಅದರ ಮಾತಿಗೆ ಮನೆಯಲ್ಲೇ ಜಾಗ ಇರಬೇಕು. ಇಂದು ಸಂಜೆ ಮಗು ಶಾಲೆಯಿಂದ ಬಂದಾಗ, ಎಷ್ಟು ಅಂಕ ಬಂತು ಎನ್ನುವ ಮೊದಲು, ನಿನಗೇನು ಇಷ್ಟ ಎಂದು ಕೇಳೋಣ. ಅದು ಹೇಳಿ ಮುಗಿಸುವವರೆಗೂ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳೋಣ.