ಒಂದೇ ದಿನದ ಫೀಲ್ಡ್ ಮಾರ್ಷಲ್

ವೀಕ್ಷಕರೇ, ಬಡ್ತಿಯ ಆರ್ಡರ್ ಬಂದ್ರೆ ಯಾರಾದ್ರೂ ಏನ್ ಮಾಡ್ತಾರೆ? ಸ್ವೀಟ್ ಹಂಚ್ತಾರೆ. 1943ರ ಜನವರಿ 30ರಂದು ಹಿಟ್ಲರ್ ತನ್ನ ಒಬ್ಬ ಜನರಲ್‌ಗೆ ಫೀಲ್ಡ್ ಮಾರ್ಷಲ್ ಪದವಿ ಕೊಟ್ಟ. ಅಲ್ಲಿಯವರೆಗೆ ಜರ್ಮನಿಯ ಯಾವ ಫೀಲ್ಡ್ ಮಾರ್ಷಲ್ಲೂ ಜೀವಂತ ಸೆರೆ ಸಿಕ್ಕಿರಲಿಲ್ಲ. ಅಂದ್ರೆ ಆ ಬಡ್ತಿಯ ಅರ್ಥ ಇಷ್ಟೇ: ಸಾಯಿ, ಶರಣಾಗಬೇಡ.

ಆ ಜನರಲ್ ಹೆಸರು ಫ್ರೀಡ್ರಿಕ್ ಪೌಲಸ್. ಸೋವಿಯತ್ ರಷ್ಯಾದ ಮೇಲಿನ ದಾಳಿಗೆ ನಕ್ಷೆ ಹಾಕಿದವರಲ್ಲಿ ಒಬ್ಬ. ಎದೆಯ ಮೇಲೆ ನೈಟ್ಸ್ ಕ್ರಾಸ್ ಪದಕ. ಕಚೇರಿ ಕೆಲಸದಲ್ಲಿ ನಿಪುಣ, ಆದ್ರೆ ಒಂದು ಡಿವಿಷನ್ನನ್ನೂ ಮುನ್ನಡೆಸಿದವನಲ್ಲ. 1942ರ ಜನವರಿಯಲ್ಲಿ ಇಡೀ ಆರನೇ ಸೇನೆಯನ್ನೇ ಅವನ ಕೈಗೆ ಕೊಟ್ಟರು. ಆ ಸೇನೆ ಸ್ಟಾಲಿನ್‌ಗ್ರಾಡ್‌ಗೆ ನುಗ್ಗಿತು. ಊರು ಬೂದಿಯಾಯ್ತು, ಸಾವಿರಾರು ನಾಗರಿಕರು ಸತ್ತರು. ನವೆಂಬರ್‌ನಲ್ಲಿ ಸೋವಿಯತ್ ಸೇನೆ ಸುತ್ತುವರಿದಾಗ, ದಾಳಿ ಮಾಡೋಕೆ ಹೋದವರೇ ಬೋನಿಗೆ ಬಿದ್ದಿದ್ರು. ಒಳಗಿದ್ದವರು ಸುಮಾರು ಎರಡೂವರೆ ಲಕ್ಷ.

ನಾನು ಇಂಜಿನಿಯರಿಂಗ್ ಓದಿದವನು, ಮೊದಲು ಲೆಕ್ಕ ನೋಡ್ತೀನಿ. ಅಷ್ಟು ಜನ ಬದುಕಿ ಹೋರಾಡೋಕೆ ದಿನಕ್ಕೆ ಕನಿಷ್ಠ 300 ಟನ್ ಸಾಮಗ್ರಿ ಬೇಕು. ವಿಮಾನದಲ್ಲಿ ತಲುಪಿಸ್ತೀನಿ ಅಂತ ಗೋರಿಂಗ್ ಮಾತು ಕೊಟ್ಟ. ತಲುಪಿದ್ದು ಸರಾಸರಿ 100 ಟನ್ ಆಸುಪಾಸು. ಈ ಲೆಕ್ಕ ಪೌಲಸ್‌ಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಡಿಸೆಂಬರ್‌ನಲ್ಲಿ ಬಿಡಿಸೋಕೆ ಬಂದ ಪಡೆ ಸುಮಾರು 50 ಕಿಲೋಮೀಟರ್ ಹತ್ತಿರಕ್ಕೆ ಬಂತು. ಇಂಧನ ಸಾಲದು, ಹಿಟ್ಲರ್ ಅನುಮತಿ ಇಲ್ಲ ಅಂತ ಪೌಲಸ್ ಕೂತಲ್ಲೇ ಕೂತ. ಜನವರಿ 8ರಂದು ಶರಣಾಗಿ ಅಂತ ಸೋವಿಯತ್ ಕಡೆಯವರು ಕೇಳಿದಾಗಲೂ ಒಪ್ಪಲಿಲ್ಲ. ಆಮೇಲೆ ತಾನೇ ಅನುಮತಿ ಕೇಳಿದ, ಹಿಟ್ಲರ್ ಕೊಡಲಿಲ್ಲ. ಹಸಿವು, ಹಿಮ, ಗುಂಡು, ಮೂರೂ ಸೇರಿ ಸೈನಿಕರನ್ನ ತಿಂದವು.

ಜನವರಿ 31ರಂದು, ಬಡ್ತಿಯ ಮಾರನೇ ದಿನವೇ, ಒಂದು ಡಿಪಾರ್ಟ್‌ಮೆಂಟ್ ಸ್ಟೋರಿನ ನೆಲಮಾಳಿಗೆಯಿಂದ ಪೌಲಸ್ ಸೆರೆಯಾಗಿ ಹೊರಬಂದ. ಆತ್ಮಹತ್ಯೆ ಮಾಡಿಕೊಳ್ಳಲಿಲ್ಲ. ಮಾಡ್ಕೋಬೇಕಿತ್ತು ಅಂತ ನಾನು ಹೇಳ್ತಿಲ್ಲ. ನನ್ನ ಪ್ರಶ್ನೆ ಬೇರೆ. ತನ್ನ ಜೀವದ ಪ್ರಶ್ನೆ ಬಂದಾಗ ಹಿಟ್ಲರ್ ಇಚ್ಛೆಯನ್ನು ಮೀರೋಕೆ ಆಯ್ತಲ್ಲ? ಮೂರು ವಾರ ಮೊದಲೇ ಸೈನಿಕರಿಗಾಗಿ ಯಾಕೆ ಆಗಲಿಲ್ಲ?

ಅಲ್ಲಿ ಸೆರೆಸಿಕ್ಕವರು ಸುಮಾರು 91 ಸಾವಿರ ಜನ. ಮನೆ ಸೇರಿದವರು ಆರು ಸಾವಿರದಷ್ಟು. ಪೌಲಸ್ ಆಮೇಲೆ ಹಿಟ್ಲರ್ ವಿರುದ್ಧ ಮಾತಾಡಿದ, ನ್ಯೂರೆಂಬರ್ಗ್‌ನಲ್ಲಿ ಸಾಕ್ಷಿ ಹೇಳಿದ. 1957ರಲ್ಲಿ ಡ್ರೆಸ್ಡೆನ್‌ನಲ್ಲಿ ತೀರಿಕೊಂಡ. ಸತ್ಯ ಹೇಳಿದ, ನಿಜ. ಆದ್ರೆ ಕೇಳಿಸಿಕೊಳ್ಳಬೇಕಾದವರು ಆಗಲೇ ಹಿಮದಡಿ ಮಲಗಿದ್ರು.

ನಾವೂ ಆಫೀಸುಗಳಲ್ಲಿ ದಿನಾ ಕೇಳ್ತೀವಿ, ‘ಮೇಲಿನಿಂದ ಆರ್ಡರ್ ಇದೆ ಸ್ವಾಮಿ, ನಾವೇನ್ ಮಾಡೋಣ?’ ಅಂತ. ಆರ್ಡರ್ ಮೇಲಿನದೇ ಇರಬಹುದು. ಕೆಳಗೆ ಹಾಕೋ ಸಹಿ ಮಾತ್ರ ನಮ್ಮದು.